ಕಡಲಲ್ಲಿ ಕೈಮಾತು

ನನ್ನ ಗಂಡ ಮನೆಯಲ್ಲಿ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಜಗಳ ಮಾಡಿಕೊಂಡು ಬಿಟ್ಟದ್ದಾಗಿದ್ದರೆ ಪರವಾಗಿರಲಿಲ್ಲ, ಜಗಳಕ್ಕೆ ರಾಜಿ ಅಂತ ಒಂದಿರುತ್ತದೆ. ಇವರದು ಹಾಗಲ್ಲ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ, ಉಕ್ಕಿನ ತಗಡನ್ನು ಕುಟ್ಟಿ ಬೈಕಿನ ಬಿಡಿಭಾಗ ಮಾಡುವ ದೊಡ್ಡ ಮೆಷಿನ್ನುಗಳ ನಡುವೆ, ಮದುವೆಗೆ ಮುಂಚಿನಿಂದಲೂ ನಿಂತು ನಿಂತು ಅವರ ಕಿವಿ ಮಂದವಾಗಿತ್ತು. ಮೊದಮೊದಲು "ಏನಂದೆ?" ಅಂತ ಕೇಳುತ್ತಿದ್ದರು. ಆಮೇಲೆ ಹಾಗೆ ಕೇಳುವುದಕ್ಕೇ ನಾಚಿಕೆಯಾಗಿ, ನಾನು ಏನು ಹೇಳಿದರೂ ಹೂಂ ಅನ್ನತೊಡಗಿದರು. ಉಪ್ಪು ಮುಗಿದಿದೆ ಅಂದರೂ ಹೂಂ, ನೀರಿನ ಟ್ಯಾಂಕರ್ ಬಂದಿಲ್ಲ ಅಂದರೂ ಹೂಂ.

ನಾನೋ ಬಾಯಿ ಮುಚ್ಚಿಕೊಂಡು ಕೂರುವ ಹೆಂಗಸಲ್ಲ. ದಾಸರಹಳ್ಳಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಅಳತೆ ಕೊಡಲು ಬಂದವರು ಕೂತು ಮಾತಾಡಿಯೇ ಹೋಗುತ್ತಿದ್ದರು. ಇಡೀ ಬೀದಿಯ ಕಷ್ಟಸುಖ ನನ್ನ ಹತ್ತಿರ ಬರುತ್ತಿತ್ತು, ನನ್ನದನ್ನು ಹೇಳಿಕೊಳ್ಳಲು ಮಾತ್ರ ಮನೆಯಲ್ಲಿ ಕಿವಿ ಇರಲಿಲ್ಲ. ಇದಕ್ಕಿಂತ ಗೋಡೆ ವಾಸಿ, ಅದು ಹೂಂ ಅಂದು ನಂಬಿಸುವುದಿಲ್ಲವಲ್ಲ ಅಂತ ಸಿಟ್ಟು ಬಂದಾಗ ಅಂದುಕೊಳ್ಳುತ್ತಿದ್ದೆ.

ಹಟ ಮಾಡಿ, ಒಲೆ ಹಚ್ಚದೆ ಕೂತು, ಒಂದು ದಿನ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಸದ್ದಿಗೆ ಹೋದ ಕಿವಿ ಮತ್ತೆ ಬರುವುದಿಲ್ಲ, ಆದರೆ ಕಿವಿಗೆ ಮೆಷಿನ್ ಹಾಕಿಕೊಂಡರೆ ಎದುರು ಕೂತವರ ಮಾತು ಚೆನ್ನಾಗಿ ಕೇಳುತ್ತದೆ ಅಂದರು. ಮೆಷಿನ್ನನ್ನೂ ತಂದೆವು. ತಂದ ದಿನವೇ ಅದು ಬೀರು ಸೇರಿತು. ಶಾಪಿನವರು ನೋಡಿದರೆ ಮುದುಕ ಅಂತಾರೆ, ಕೆಲಸಕ್ಕೆ ಬಾರದವನು ಅಂತಾರೆ ಅನ್ನುವುದು ಅವರ ಭಯ.

ಆ ಹೊತ್ತಿಗೆ ಕಂಪನಿ ದಾಬಸ್‌ಪೇಟೆ ಕಡೆ ಒಂದು ಹೊಸ ಶೆಡ್ ಹಾಕುತ್ತಿತ್ತು. ತುಮಕೂರು ರಸ್ತೆಯ ಮೇಲೆ ಮೆಟ್ರೋ ಇನ್ನೂ ಬರೀ ಕಂಬಗಳಾಗಿ ನಿಂತಿದ್ದ ಕಾಲ ಅದು. ಹೊಸ ಶೆಡ್ಡಿಗೆ ಬರುವ ಪ್ರೆಸ್ಸುಗಳು ಹೊಸ ನಮೂನೆಯವಂತೆ, ಸದ್ದೇ ಮಾಡುವುದಿಲ್ಲವಂತೆ. ಅಲ್ಲಿಗೆ ಇನ್‌ಚಾರ್ಜ್ ಆಗಿ ಹೋಗುತ್ತೀಯಾ ಅಂತ ಮಾಲೀಕರು ಇವರನ್ನು ಕೇಳಿದ್ದರು. ಇವರು ನನಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಿದವನು ಇವರ ಜೊತೆ ಪಕ್ಕದ ಪ್ರೆಸ್ಸಿನಲ್ಲಿ ಕೆಲಸ ಮಾಡುವ ವಿಜಯಪುರದ ಕಡೆಯವನು. ನಮ್ಮ ಹಿಂದಿನ ಬೀದಿಯಲ್ಲಿ ಮನೆ, ಇವರನ್ನು ಅಣ್ಣಾ ಅಂತಲೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಅಂತಲೂ ಕರೆಯುತ್ತಿದ್ದ. ಅಣ್ಣಾರು ಆ ಕೆಲಸ ಒಲ್ಲೆ ಅನ್ನುತ್ತಾರಂತೆ, ಇಲ್ಲಿಯ ಹಳೇ ಶಾಪೂ ಮುಚ್ಚುವುದರಿಂದ ಲೆಕ್ಕ ಮುಗಿಸಿ ಮನೆಯಲ್ಲೇ ಕೂರುತ್ತಾರಂತೆ ಅಂದ.

ನನಗೆ ಕಾರಣ ತಕ್ಷಣ ಹೊಳೆಯಿತು. ಪ್ರೆಸ್ ಶಾಪಿನ ಆ ಗದ್ದಲದಲ್ಲಿ ಎಲ್ಲರೂ ಕಿವುಡರೇ. ಅಲ್ಲಿ ಇವರ ಕಿವಿ ಎದ್ದು ಕಾಣುತ್ತಿರಲಿಲ್ಲ. ಸದ್ದಿಲ್ಲದ ಶೆಡ್ಡಿನಲ್ಲಿ, ಫೋನು ಮೀಟಿಂಗು ಅಂತ ಎಲ್ಲರೂ ಮಾತಾಡುವ ಕಡೆ, ಇವರೊಬ್ಬರೇ ಕಿವುಡರಾಗಿ ನಿಲ್ಲಬೇಕಾಗುತ್ತಿತ್ತು. ಹಾಗೆ ನಿಲ್ಲುವುದಕ್ಕಿಂತ ಮನೆ ಮೂಲೆ ಹಿಡಿಯುವುದೇ ಮೇಲು ಅಂತ ತೀರ್ಮಾನ ಮಾಡಿದ್ದರು. ಐವತ್ತೂ ತುಂಬದ ಮನುಷ್ಯ ಟಿವಿ ಮುಂದೆ ಕೂತು, ಅದರ ಸದ್ದೂ ಕೇಳದೆ, ಬೊಂಬೆ ನೋಡಿದ ಹಾಗೆ ನೋಡುತ್ತ ಇನ್ನೆಷ್ಟು ವರ್ಷ ಕಳೆಯಬೇಕು?

ಅಷ್ಟರಲ್ಲಿ ಈ ಪ್ರವಾಸ ಬಂತು. ಕಂಪನಿಗೆ ಇಪ್ಪತ್ತೈದು ವರ್ಷವಾಯಿತೆಂದು ಮಾಲೀಕರು ಮೊದಲಿನಿಂದ ಜೊತೆಗಿದ್ದ ಹಳಬರನ್ನು ಹೆಂಡಂದಿರ ಸಮೇತ ಥಾಯ್ಲೆಂಡಿಗೆ ಕರೆದುಕೊಂಡು ಹೊರಟರು. ಅವರೇನು ಹುಟ್ಟಾ ಶ್ರೀಮಂತರಲ್ಲ, ಒಂದು ಕಾಲಕ್ಕೆ ಅವರೂ ಪ್ರೆಸ್ಸಿನ ಮುಂದೆ ನಿಂತವರೇ. ಹೊಸ ಶೆಡ್ಡಿನ ವಿಷಯಕ್ಕೆ ಉತ್ತರ ಊರಿಗೆ ವಾಪಸು ಹೊರಡುವ ಮುಂಚೆ ಬೇಕು ಅಂತ ಇವರಿಗೆ ಹೇಳಿದ್ದರು. ನಾನು ಬೀರುವಿನಿಂದ ಕಿವಿ ಮೆಷಿನ್ ತೆಗೆದು ಸೂಟ್‌ಕೇಸಿಗೆ ಹಾಕಿದೆ. ಇವರು ಅದನ್ನು ತೆಗೆದು ಮತ್ತೆ ಬೀರುವಿಗೆ ಇಟ್ಟರು. ನಮ್ಮಿಬ್ಬರ ನಡುವೆ ಆ ವಾರ ನಡೆದ ಸಂಭಾಷಣೆ ಅಷ್ಟೇ.

ಪ್ರವಾಸದ ಕೊನೆಯ ದಿನ ಒಂದು ಸಣ್ಣ ದ್ವೀಪಕ್ಕೆ ಕರೆದುಕೊಂಡು ಹೋದರು. ಬೆಳಗ್ಗೆ ಕಾಡಿನಲ್ಲಿ ತಂತಿಗೆ ನೇತುಬಿದ್ದು ಜಾರುವುದು, ಮಧ್ಯಾಹ್ನ ಊಟ, ಆಮೇಲೆ ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡುವುದು, ಸಂಜೆ ದೋಣಿಯಲ್ಲಿ ವಾಪಸು. ನಮ್ಮ ಹೆಂಗಸರಲ್ಲಿ ಬಹಳ ಜನ ಸಮುದ್ರ ನೋಡಿದ್ದೇ ಧರ್ಮಸ್ಥಳಕ್ಕೆ ಹೋದಾಗ ಹಾಗೇ ಮಂಗಳೂರಿಗೆ ಹೋಗಿ, ಅದೂ ಸೀರೆ ಮೇಲೆತ್ತಿ ಪಾದ ಅದ್ದಿದಷ್ಟು. ಇಲ್ಲಿ ಎಲ್ಲರಿಗೂ ಚೂಡಿದಾರ ಹಾಕಿಸಿ, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಕೊಟ್ಟು, ಬೆಟ್ಟ ಹತ್ತಿಸಿದರು. ಮರದ ನೆತ್ತಿಯಲ್ಲಿ ಒಂದು ಅಟ್ಟ. ಕಣಿವೆಯ ಆಚೆ ಇನ್ನೊಂದು ಮರದಲ್ಲಿ ಇನ್ನೊಂದು ಅಟ್ಟ. ನಡುವೆ ಒಂದು ಉಕ್ಕಿನ ತಂತಿ. ಕೆಳಗೆ ನೋಡಿದರೆ ತೆಂಗಿನ ಮರದ ತಲೆಗಳು ಕೊತ್ತಂಬರಿ ಕಟ್ಟಿನ ಹಾಗೆ ಕಾಣುತ್ತಿದ್ದವು.

ಅಲ್ಲಿಯ ಗೈಡ್ ಎಲ್ಲರ ಬಲಗೈಗೂ ದಪ್ಪ ಚರ್ಮದ ಗ್ಲೌಸ್ ಹಾಕಿಸಿದ. ಆಚೆ ಅಟ್ಟ ಹತ್ತಿರ ಬಂದಾಗ ಆ ಕೈಯನ್ನು ತಲೆಯ ಹಿಂದೆ ಚಾಚಿ ತಂತಿಯ ಮೇಲೆ ಒತ್ತಬೇಕು, ಅದೇ ಬ್ರೇಕು ಅಂತ ಅಭಿನಯ ಮಾಡಿ ತೋರಿಸಿದ. ಎಲ್ಲರೂ ತಲೆಯಾಡಿಸಿದರು. ಮೊದಲು ಹೊರಟವರು ಮಾಲೀಕರು. ಗಾಳಿಯಲ್ಲಿ ಬುರ್ರೆಂದು ಹೋದರು, ಬ್ರೇಕು ಹಾಕಲೇ ಇಲ್ಲ, ಆಚೆ ಮರಕ್ಕೆ ಕಟ್ಟಿದ್ದ ಮೆತ್ತೆಗೆ ಹೋಗಿ ಗುದ್ದಿದರು. ಗೈಡ್ ನಮಗೆಲ್ಲ ಮತ್ತೊಮ್ಮೆ ತೋರಿಸಿದ. ಎರಡನೆಯವರು ನಮ್ಮವರು. ಅವರೂ ಎರಡು ಕೈ ಎದೆಗೆ ಅವುಚಿಕೊಂಡು ಹೋಗಿ ಗುದ್ದಿದರು. ಅವರ ಹಿಂದೆ ಹೋದ ಗಂಡಸರದೂ ಅದೇ ಕಥೆ. ಆಚೆ ನಿಂತಿದ್ದ ಇನ್ನೊಬ್ಬ ಗೈಡ್ ಒಬ್ಬರನ್ನು ಹಿಡಿಯಲು ಹೋಗಿ ತಾನೇ ಬಿದ್ದ. ಈಚೆಯವನು ತಲೆ ಮೇಲೆ ಕೈ ಹೊತ್ತುಕೊಂಡ.

ವಿಜಯಪುರದವನು ನನ್ನ ಪಕ್ಕದಲ್ಲಿ ನಿಂತು ನಗುತ್ತಿದ್ದ. ಓಡುವ ಯಾವುದಕ್ಕೂ ಕೈ ತಾಗಿಸಬಾರದು ಅನ್ನುವುದು ಪ್ರೆಸ್ ಶಾಪಿನಲ್ಲಿ ಸೇರಿದ ದಿನ ಕಲಿಸುವ ಪಾಠವಂತೆ. ಅವನ ಎಡಗೈಯಲ್ಲಿ ಒಂದು ಬೆರಳು ಅರ್ಧವೇ ಇತ್ತು, ಆ ಪಾಠ ಮರೆತ ಒಂದು ದಿನದ್ದು. ಓಡುತ್ತಿರುವ ತಂತಿಗೆ ಕೈ ಇಡು ಅಂದರೆ ಈ ಜನ್ಮದಲ್ಲಿ ಆಗುವುದಿಲ್ಲ ಅಂದ.

ಅಷ್ಟರಲ್ಲಿ ಆಚೆ ಅಟ್ಟದ ಮೇಲೆ ನಮ್ಮವರು ಎದ್ದು, ಮೈ ಕೊಡವಿಕೊಂಡು, ಇತ್ತ ತಿರುಗಿ ಕೈ ಆಡಿಸತೊಡಗಿದರು. ಟಾಟಾ ಮಾಡುತ್ತಿದ್ದಾರೆ ಅಂದುಕೊಂಡು ನಾನೂ ಕೈ ಬೀಸಿದೆ. ಅದು ನನಗಲ್ಲ. ಬೆರಳು ಮಡಿಚಿದರು, ಬಿಡಿಸಿದರು, ಕೆನ್ನೆ ತಟ್ಟಿಕೊಂಡರು, ಮುಷ್ಟಿ ತಿರುಗಿಸಿದರು. ಪಕ್ಕದಲ್ಲಿ ಇವನು ಹಾಗೇ ಏನೋ ತಿರುಗಿ ಹೇಳಿದ. ಅವರು ಮತ್ತೆ ಏನೋ ಅಂದರು. ಇವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಡಿನ ಹುಳುಗಳ ಕಿರ್ರೋ ಸದ್ದು ಕಣಿವೆ ತುಂಬಾ ತುಂಬಿತ್ತು, ಕೂಗಿದರೂ ಯಾರಿಗೂ ಕೇಳುವ ಹಾಗಿರಲಿಲ್ಲ. ಇವರಿಬ್ಬರು ಮಾತ್ರ ಕಟ್ಟೆ ಮೇಲೆ ಕೂತ ಹಾಗೆ ಹರಟುತ್ತಿದ್ದರು.

ಏನಂತೆ ಅಂತ ಕೇಳಿದೆ. ಬಿದ್ದ ಗೈಡ್ ಮುಖ ಊದಿಸಿಕೊಂಡು ನಿಂತಿದ್ದಾನಂತೆ, ನಮ್ಮ ಮಾಲು ವಾಪಸು ಕಳಿಸುವ ಕ್ವಾಲಿಟಿ ಇನ್‌ಸ್ಪೆಕ್ಟರನ ಅಣ್ಣನೋ ತಮ್ಮನೋ ಇರಬೇಕಂತೆ, ಅಂದ.

ನಾನು ನಂಬಲಿಲ್ಲ. ನಮ್ಮವರು ತಮಾಷೆ ಮಾಡುತ್ತಾರೆ ಅನ್ನುವುದೇ ನನಗೆ ಹೊಸ ಸುದ್ದಿ. ಅದನ್ನೇ ಅವನಿಗೆ ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಶಾಪಿನಾಗ ಅಣ್ಣಾರಷ್ಟು ಮಾತಾಡೋರು ಯಾರೂ ಇಲ್ರಿ ವೈನಿ," ಅಂದ. "ಅವರು ರಜಾ ಹಾಕಿದ್ರ ನಮಗ ಹೊತ್ತ ಹೋಗಂಗಿಲ್ಲ."

ಪ್ರೆಸ್ಸುಗಳ ಸದ್ದಿನಲ್ಲಿ ಬಾಯಿ ಮಾತು ನಡೆಯದೆ, ಅಲ್ಲಿಯವರೆಲ್ಲ ತಮ್ಮಲ್ಲೇ ಕೈಮಾತು ಕಟ್ಟಿಕೊಂಡಿದ್ದರು. ಟೀ ಬಂತು ಅನ್ನುವುದರಿಂದ ಹಿಡಿದು ಮೇಲಿನವರನ್ನು ಬೈಯುವವರೆಗೆ ಎಲ್ಲವೂ ಅದರಲ್ಲೇ. ನನಗೆ ಉರಿಯಿತು. ಮನೆಗೆ ಬಂದು ಹೂಂ ಅಂತ ಗೋಡೆ ನೋಡುವ ಮನುಷ್ಯ ಹೊರಗೆ ಮಾತಿನ ಮಲ್ಲನೇ? ಇಷ್ಟು ಮಾತು ಒಳಗಿಟ್ಟುಕೊಂಡು ನನಗೆ ಒಂದು ತುಣುಕೂ ಕೊಡಲಿಲ್ಲವಲ್ಲ ಅಂತ ಕಣ್ಣಲ್ಲಿ ನೀರೇ ಬಂತು.

ಆ ಸಿಟ್ಟಿನಲ್ಲೇ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಸರದಿ ಬಂದು, ಕೊಕ್ಕೆ ಸಿಕ್ಕಿಸಿ, ಅಟ್ಟದ ಅಂಚಿಗೆ ನಿಲ್ಲಿಸಿದಾಗ ಸಿಟ್ಟು ಇಳಿದು ಭಯ ಹತ್ತಿತು. ನಾನು ಒಲ್ಲೆ, ನಡೆದುಕೊಂಡೇ ಇಳಿಯುತ್ತೇನೆ ಅಂತ ಕಂಬ ಅಪ್ಪಿಕೊಂಡೆ. ಗೈಡ್ ಏನೇನೋ ಹೇಳಿದ. ಆಚೆಯಿಂದ ನಮ್ಮವರು ನೋಡುತ್ತಿದ್ದರು. ಎರಡು ಬೆರಳನ್ನು ತಮ್ಮ ಕಣ್ಣಿಗೆ ತೋರಿಸಿಕೊಂಡು, ಅಂಗೈಯನ್ನು ನಿಧಾನವಾಗಿ ತಮ್ಮ ಎದೆಯ ಕಡೆಗೆ ಎಳೆದುಕೊಂಡರು. ಮತ್ತೆ ಮತ್ತೆ ಅದನ್ನೇ ಮಾಡಿದರು. ಕೆಳಗೆ ನೋಡಬೇಡಿ, ತಮ್ಮನ್ನೇ ನೋಡುತ್ತ ಬನ್ನಿ ಅನ್ನುತ್ತಿದ್ದಾರೆ ಅಂತ ಇವನು ಹೇಳುವ ಮುಂಚೆಯೇ ನನಗೆ ತಿಳಿಯಿತು. ದೇವರ ಹೆಸರು ಹೇಳಿ ಕಾಲು ಎತ್ತಿದೆ. ಕಣಿವೆ, ಕಾಡು, ಸಮುದ್ರದ ಒಂದು ನೀಲಿ ಚೂರು ಎಲ್ಲ ಪಕ್ಕದಲ್ಲಿ ಓಡಿದವು. ನಾನು ಆ ಕೈಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಹತ್ತಿರ ಬಂದಾಗ ಹೇಳಿಕೊಟ್ಟಂತೆ ತಂತಿ ಒತ್ತಿದೆ, ಚೆಂದವಾಗಿ ನಿಂತೆ. ಹೆಂಗಸರು ಯಾರೂ ಗುದ್ದಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಬಿದ್ದಿದ್ದ ಗೈಡ್ ನನಗೆ ಕೈ ಮುಗಿದ.

ಊಟದ ಹೊತ್ತಿಗೆ ನಾನು ವಿಜಯಪುರದವನನ್ನು ಬಿಡಲಿಲ್ಲ. ನನಗೂ ಆ ಮಾತು ಕಲಿಸು ಅಂದೆ. ಅವನು ನಾಚಿಕೊಂಡ. ಅರ್ಧಕ್ಕರ್ಧ ಹೆಂಗಸರ ಮುಂದೆ ಹೇಳುವ ಮಾತಲ್ಲವಂತೆ. ಕೀ ಗೊಂಚಲು ತಿರುಗಿಸಿದರೆ ಮಾಲೀಕರು, ಮೂಗಿನ ಮೇಲೆ ಕನ್ನಡಕ ಏರಿಸಿದರೆ ಅಕೌಂಟ್ಸಿನವರು ಅಂತ ಮರ್ಯಾದಸ್ಥವಾದವನ್ನು ಒಂದಷ್ಟು ತೋರಿಸಿದ. ನನಗೂ ಒಂದು ಇದೆಯೇ ಅಂತ ಕೇಳಿದೆ. ಇದೆ ಅಂದ. ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಗಾಳಿಯಲ್ಲಿ ಎರಡು ಹೊಲಿಗೆ ಹಾಕಿದ. ಆಮೇಲೆ ಅವನು ಹೇಳಿದ ಮಾತು ಕೇಳಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ. ದಿನಾ ಟೀ ಹೊತ್ತಿಗೆ ಅಣ್ಣಾರು ನನ್ನ ಸುದ್ದಿ ಹೇಳುತ್ತಾರಂತೆ. ಇವತ್ತು ಯಾವ ಬಣ್ಣದ ರವಿಕೆ ಹೊಲಿಯುತ್ತಿದ್ದೆ, ಯಾರ ಮೇಲೆ ಸಿಟ್ಟಾಗಿದ್ದೆ, ಡಬ್ಬಿಗೆ ಏನು ಹಾಕಿದೆ, ಎಲ್ಲ ಶಾಪಿನವರಿಗೆ ಗೊತ್ತಂತೆ. ಕೇಳಿಸದಿದ್ದರೂ ಇವರು ನನ್ನನ್ನು ನೋಡುತ್ತಲೇ ಇದ್ದರು. ನೋಡಿದ್ದನ್ನೆಲ್ಲ ಒಯ್ದು ಆ ಗದ್ದಲದಲ್ಲಿ ಹಂಚುತ್ತಿದ್ದರು.

ಮಧ್ಯಾಹ್ನ ಸಮುದ್ರಕ್ಕೆ ಇಳಿಸಿದರು. ತೇಲುವ ಜಾಕೆಟ್, ಕಣ್ಣು ಮೂಗು ಮುಚ್ಚುವ ಗಾಜಿನ ಮುಖವಾಡ, ಬಾಯಿಗೆ ಕಚ್ಚಿಕೊಳ್ಳುವ ಒಂದು ಕೊಳವೆ. ನಮ್ಮ ಗಂಡಸರದು ಎಲ್ಲರದೂ ಪೊದೆ ಮೀಸೆ. ಮೀಸೆಯ ಸಂದಿಯಿಂದ ಮುಖವಾಡದೊಳಕ್ಕೆ ನೀರು ನುಗ್ಗಿ ಎಲ್ಲರೂ ಸೀನತೊಡಗಿದರು. ಮೀಸೆ ಬೋಳಿಸಿದರೆ ಸರಿಹೋಗುತ್ತದೆ ಅಂತ ಗೈಡ್ ಸನ್ನೆ ಮಾಡಿದ್ದಕ್ಕೆ ಮಾಲೀಕರಾದಿಯಾಗಿ ಯಾರೂ ಒಪ್ಪಲಿಲ್ಲ. ಕೊನೆಗೆ ವ್ಯಾಸಲೀನ್ ಡಬ್ಬಿ ತಂದು ಸಾಲಾಗಿ ಎಲ್ಲರ ಮೀಸೆಗೂ ಮೆತ್ತಿದ. ನಕ್ಕು ನಕ್ಕು ನಾವು ಹೆಂಗಸರು ಉಪ್ಪುನೀರು ಕುಡಿದೆವು.

ಮುಖ ಮುಳುಗಿಸಿದ ಕೂಡಲೇ ಸದ್ದೆಲ್ಲ ನಿಂತುಹೋಯಿತು. ನನ್ನ ಉಸಿರು ಕೊಳವೆಯಲ್ಲಿ ಹೋಗಿ ಬರುವುದೊಂದೇ ಕೇಳುತ್ತಿತ್ತು. ಇವರ ಪ್ರಪಂಚ ಹೀಗೇ ಇರುತ್ತದೆಯೇನೋ ಅನ್ನಿಸಿತು. ಕೆಳಗೆ ಹೂಕೋಸಿನಂಥ ಹವಳದ ಗುಡ್ಡೆಗಳು, ಅವುಗಳ ನಡುವೆ ಮೀನು, ಎಣಿಸಲಾಗದಷ್ಟು. ಬೇರೆ ದೇಶದವರು ಒಂದೊಂದು ಮೀನು ಕಂಡಾಗಲೂ ತಲೆ ಎತ್ತಿ, ಕೊಳವೆ ಉಗುಳಿ, ಜೊತೆಯವರಿಗೆ ಕೂಗಿ ಹೇಳುತ್ತಿದ್ದರು. ಅಷ್ಟರಲ್ಲಿ ಮೀನು ಹೋಗಿರುತ್ತಿತ್ತು. ನಮ್ಮ ಶಾಪಿನವರು ತಲೆ ಎತ್ತಲೇ ಇಲ್ಲ. ಬೋರಲು ತೇಲಿಕೊಂಡು, ಪ್ರೆಸ್ಸುಗಳ ಮುಂದೆ ನಿಂತವರ ಹಾಗೆ ಅತ್ತಿಂದಿತ್ತ ಕೈಯಲ್ಲೇ ಮಾತಾಡುತ್ತಿದ್ದರು.

ಇವರು ನನ್ನ ಕೈ ಹಿಡಿದುಕೊಂಡು ಒಂದು ಬಂಡೆಯ ಹತ್ತಿರ ಕರೆದುಕೊಂಡು ಹೋದರು. ಅರಿಸಿನ ಬಣ್ಣದ ಮೈಗೆ ಕಪ್ಪು ಪಟ್ಟೆ ಇರುವ ಅಂಗೈಯಗಲದ ಮೀನೊಂದು ಅಲ್ಲಿ ಸುತ್ತುತ್ತಿತ್ತು. ಅದನ್ನು ತೋರಿಸಿದರು. ಆಮೇಲೆ ಬೆರಳು ಸೇರಿಸಿ ನೀರಿನಲ್ಲಿ ಎರಡು ಹೊಲಿಗೆ ಹಾಕಿದರು, ತೋಳಿನ ಮೇಲೆ ಗೆರೆ ಎಳೆದು ತೋರಿಸಿದರು. ಇಂಥದ್ದೊಂದು ರವಿಕೆ ಹೊಲಿದುಕೋ ಅನ್ನುತ್ತಿದ್ದಾರೆ. ನನಗೆ ನಗು ತಡೆಯಲಿಲ್ಲ. ನಕ್ಕರೆ ಕೊಳವೆ ಜಾರಿತು, ನೀರು ಗಂಟಲಿಗೆ ಹೋಯಿತು, ಕೆಮ್ಮುತ್ತ ಮೇಲೆದ್ದೆ. ಅವರೂ ಎದ್ದು ನನ್ನ ಬೆನ್ನು ತಟ್ಟಿದರು. ವ್ಯಾಸಲೀನ್ ಮೀಸೆಯ ಕೆಳಗೆ ಅವರು ನಗುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ಹೀಗೇ ನಕ್ಕಿದ್ದರು. ನನಗೆ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ. ಆದರೆ ಅದರ ಹಿಂದೆಯೇ ದುಃಖವೂ ಬಂತು. ನೀರೊಳಗೆ ಇವರು ಹೀಗಿರುವುದು ಇಲ್ಲಿ ಎಲ್ಲರೂ ಕಿವುಡರಾಗಿರುವುದರಿಂದ. ನಾಳೆ ಊರಿಗೆ ಹೋದರೆ ಮತ್ತೆ ಅದೇ ಗೋಡೆ.

ಸಂಜೆ ದೋಣಿ ಹತ್ತಿದೆವು. ಎರಡು ಮೋಟಾರಿನ ದೋಣಿ, ಅದರ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಎದುರು ಬೆಂಚಿನಲ್ಲಿ ಮಾಲೀಕರು ಕೂತಿದ್ದರು. ಬಾಯಲ್ಲಿ ಏನೋ ಕೇಳಿದರು, ಇವರಿಗೆ ಕೇಳಲಿಲ್ಲ, ಯಾರಿಗೂ ಕೇಳಲಿಲ್ಲ. ಆಗ ಅವರು ಹಳೇ ದಿನಗಳ ಹಾಗೆ ಕೈಯಲ್ಲೇ ಕೇಳಿದರು. ಎರಡು ಅಂಗೈ ಜೋಡಿಸಿ ಸೂರಿನ ಆಕಾರ ಮಾಡಿದರು, ಇವರ ಕಡೆ ಬೆರಳು ತೋರಿಸಿದರು, ಹುಬ್ಬು ಏರಿಸಿದರು. ಹೊಸ ಶೆಡ್ಡಿಗೆ ನೀನು ಬರುತ್ತೀಯೋ ಇಲ್ಲವೋ?

ಇವರ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು. ಸಮುದ್ರ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಲಗೈ ಎತ್ತಿ ಕಿವಿ ಮುಟ್ಟಿಕೊಂಡು, ಅದೇ ಕೈಯಿಂದ ಮೇನ್ ಸ್ವಿಚ್ ಕೆಳಕ್ಕೆ ಎಳೆದ ಹಾಗೆ ಮಾಡಿದರು. ಇನ್ನೊಂದು ಕಿವಿಗೂ ಹಾಗೇ. ದೋಣಿ ತುಂಬ ಶಾಪಿನವರು, ಎಲ್ಲರ ಕಣ್ಣೂ ಅವರ ಮೇಲೆ. ಇಷ್ಟು ವರ್ಷ ನನ್ನ ಎದುರೂ ಒಪ್ಪಿಕೊಳ್ಳದ ಮಾತನ್ನು ಎಲ್ಲರ ಎದುರು ಹೇಳಿಬಿಟ್ಟರು.

ಮಾಲೀಕರು ತಾವೂ ಎಡಗಿವಿ ಮುಟ್ಟಿಕೊಂಡು ಸ್ವಿಚ್ ಎಳೆದರು. ಬಲಗಿವಿಗೆ ಅರ್ಧ ಎಳೆದು ನಿಲ್ಲಿಸಿದರು. ಆಮೇಲೆ ಶರ್ಟಿನ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಡಬ್ಬಿ ತೆಗೆದರು. ಅದರಲ್ಲಿ ಕಡಲೆಬೀಜದಷ್ಟು ದಪ್ಪದ ಕಿವಿ ಮೆಷಿನ್ ಇತ್ತು. ಉಪ್ಪುನೀರು ತಾಗಬಾರದು ಅಂತ ಬಿಚ್ಚಿಟ್ಟಿದ್ದರು. ಕಿವಿ ಮುಚ್ಚುವ ಹಾಗೆ ಕೂದಲು ಬಿಟ್ಟಿದ್ದು ಶೋಕಿಗೆ ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಇವರು ಕೈ ಚಾಚಿ ಆ ಮೆಷಿನ್ನನ್ನು ಇಸಿದುಕೊಂಡರು. ಅಂಗೈಯಲ್ಲಿಟ್ಟುಕೊಂಡು, ಪ್ರೆಸ್ಸಿನಿಂದ ಬಿದ್ದ ಮಾಲನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ, ಅಂಚಿಗೆ ಉಗುರು ಆಡಿಸಿ ನೋಡಿದರು. ವಿಜಯಪುರದವನ ಕಡೆ ತಿರುಗಿ ಏನೋ ಸನ್ನೆ ಮಾಡಿದರು. ಅವನು ನನ್ನ ಕಿವಿಯ ಹತ್ತಿರ ಬಂದು ಕೂಗಿದ, ಫಿನಿಷಿಂಗ್ ಬರೋಬ್ಬರಿ ಐತಂತ್ರಿ ವೈನಿ ಅಂತ. ದೋಣಿಯವರೆಲ್ಲ ನಕ್ಕರು. ಇವರು ಅದನ್ನು ವಾಪಸು ಕೊಟ್ಟು, ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ಏನು ಮಾಡಲಿ ಅಂತ ನನ್ನನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಹೋಗ್ರಿ ಅಂತ ಬಾಯಲ್ಲೇ ಅಂದೆ. ಆ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ, ಅವರು ತುಟಿ ನೋಡಿ ತಿಳಿದುಕೊಂಡರು. ಮಾಲೀಕರ ಕಡೆ ತಿರುಗಿ ತಲೆಯಾಡಿಸಿದರು.

ಹೊಸ ಶೆಡ್ಡಿಗೆ ಹೋಗಬೇಕಾದ ದಿನದ ಬೆಳಗ್ಗೆ ಅವರು ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡರು. ನಾನು ಹೊಲಿಗೆ ಮೆಷಿನ್ ಮುಂದೆ ಕೂತು, ಅಭ್ಯಾಸ ಬಲದಿಂದ ಹಾಲಿನವನನ್ನೂ ಮನೆ ಓನರನ್ನೂ ಒಟ್ಟಿಗೇ ಬೈಯುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿಸಿಕೊಂಡರು.

"ಇಷ್ಟು ವರ್ಷವೂ ಇಷ್ಟೊಂದು ಮಾತಾಡ್ತಿದ್ದೆಯೇನೇ ನೀನು?" ಅಂದರು.

ನಾನು ಹೊಲಿಗೆ ನಿಲ್ಲಿಸಿದೆ.

"ಯಾವುದೂ ಕೇಳ್ಲೇ ಇಲ್ಲ ಕಣೇ. ಹೇಳು ಈಗ."

ಎಲ್ಲಿಂದ ಶುರು ಮಾಡುವುದು ಅಂತ ನನಗೆ ತಿಳಿಯಲಿಲ್ಲ. ನಮ್ಮಮ್ಮ ಕೊನೆಗಾಲದಲ್ಲಿ ಇವರನ್ನು ಮಂಚದ ಹತ್ತಿರ ಕರೆದು, ಇವರ ಕೈ ಹಿಡಿದುಕೊಂಡು ಏನೋ ಹೇಳಿದ್ದಳು. ಸೋತ ದನಿ, ನನಗೇ ಕಷ್ಟಪಟ್ಟು ಕೇಳಿತ್ತು. ಇವರು ತಲೆಯಾಡಿಸಿ ಎದ್ದು ಬಂದಿದ್ದರು. ಏನಂದರು ಅಂತ ಆಮೇಲೂ ಕೇಳಿರಲಿಲ್ಲ. ಅದರಿಂದಲೇ ಶುರು ಮಾಡಿದೆ.

"ನನ್ನ ಮಗಳ ಬಾಯಿ ಜೋರು, ನೀವು ತಾಳ್ಕೊಂಡು ಬಾಳ್ವೆ ಮಾಡಿದ್ರಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಂದ್ಲು ನಮ್ಮಮ್ಮ," ಅಂದೆ.

ಅವರು ಹೊಸಲಿನ ಮೇಲೆ ಕೂತರು. ಬಸ್ಸಿಗೆ ಹೊತ್ತಾಗುತ್ತಿತ್ತು. ಇನ್ನೊಂದು ಸಲ ಹೇಳು ಅಂದರು. ಹೇಳಿದೆ.